ಬೆಟ್ಟದ ಮನೆಯ ಇನ್ವರ್ಟರಿಗೆ ಕಾವಲು

(ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರಿನಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಪಠ್ಯ)



ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡದ್ದು 1953ರಲ್ಲಿ. ಅದರ ನೀರು ಕಾಲುವೆಯಲ್ಲಿ ಹರಿದು ಕಂಪ್ಲಿ ಸೀಮೆಯನ್ನು ಭತ್ತದ ಬಯಲಾಗಿಸಿತು. ಅದರ ವಿದ್ಯುತ್ತು ತಂತಿಯಲ್ಲಿ ಹರಿದು ಊರುಗಳನ್ನು ಬೆಳಗಿತು. ಆದರೆ ಕಾಲುವೆಯ ನೀರು ಏರಲಾರದ ದಿಬ್ಬಗಳು ಉಳಿದಂತೆ, ತಂತಿ ತಲುಪದ ಮನೆಗಳೂ ಉಳಿದವು. ಬೆಟ್ಟದ ಓರೆಯ ಒಂಟಿ ಮನೆ, ಊರಿನಿಂದ ದೂರದ ಹೊಲದ ಮನೆ, ಕಾಡಂಚಿನ ಹಾಡಿ, ಇವುಗಳ ಪಾಲಿಗೆ ವಿದ್ಯುತ್ ಕಂಬವೆಂಬುದು ಬಹುಕಾಲ ಅರ್ಜಿಯಲ್ಲಿ ಮಾತ್ರ ನಿಂತ ವಸ್ತುವಾಗಿತ್ತು. ಅಂಥ ಅನೇಕ ಮನೆಗಳಿಗೆ ಬೆಳಕು ಬಂದದ್ದು ಮಾಡಿನ ಮೇಲಿನ ಸೌರ ಫಲಕದಿಂದ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಆರಂಭಿಸಿದ ಸೆಲ್ಕೊ ಸಂಸ್ಥೆಯು ಗ್ರಾಮೀಣ ಬ್ಯಾಂಕುಗಳ ಸಾಲದ ನೆರವಿನೊಡನೆ ಕರ್ನಾಟಕದ ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಎರಡು ದೀಪ, ನಾಲ್ಕು ದೀಪಗಳ ಪುಟ್ಟ ವ್ಯವಸ್ಥೆಗಳನ್ನು ಅಳವಡಿಸುತ್ತ ಹೋಯಿತು. ಆ ಕಾಲದ ವ್ಯವಸ್ಥೆ ಸರಳವಾಗಿತ್ತು. ಒಂದು ಫಲಕ, ಒಂದು ನಿಯಂತ್ರಕ, ಒಂದು ಬ್ಯಾಟರಿ, 12 ವೋಲ್ಟಿನ ದೀಪಗಳು. ಮನೆಗೆಲ್ಲ 230 ವೋಲ್ಟ್ ಕೊಡುವ ದೊಡ್ಡ ಇನ್ವರ್ಟರ್ ಅದರಲ್ಲಿರಲಿಲ್ಲ.

ಈಗ ಕಾಲ ಬದಲಾಗಿದೆ. ಟಿವಿ, ಮಿಕ್ಸಿ, ಫ್ಯಾನು, ಕಂಪ್ಯೂಟರ್, ಪುಟ್ಟ ಫ್ರಿಜ್ ಇವೆಲ್ಲ ಬೆಟ್ಟದ ಮನೆಗೂ ಬೇಕು. ಬೇಡವೆನ್ನುವ ಹಕ್ಕು ಬಯಲಿನವರಿಗಿಲ್ಲ. ಇವು ನಡೆಯುವುದು 230 ವೋಲ್ಟಿನ ಪರ್ಯಾಯ ವಿದ್ಯುತ್ತಿನಿಂದ. ಬ್ಯಾಟರಿಯ ನೇರ ವಿದ್ಯುತ್ತನ್ನು ಹಾಗೆ ಪರಿವರ್ತಿಸುವ ಪೆಟ್ಟಿಗೆಯೇ ಇನ್ವರ್ಟರ್. ಇಡೀ ವ್ಯವಸ್ಥೆಯಲ್ಲಿ ಬೇಗ ಕೆಡುವ ಭಾಗವೂ ಅದೇ. ಫಲಕಗಳಿಗೆ 25 ವರ್ಷದ ಭರವಸೆ ಕೊಡುವವರು ಇನ್ವರ್ಟರಿಗೆ ಕೊಡುವುದು ಎರಡೋ ಐದೋ ವರ್ಷ ಮಾತ್ರ. ಎಷ್ಟೋ ಮನೆಗಳಲ್ಲಿ ಅದು ಮೊದಲ ಮಳೆಗಾಲದ ಸಿಡಿಲಿಗೇ ಸುಟ್ಟುಹೋಗುತ್ತದೆ. ಸುಟ್ಟ ಮೇಲೆ ಕೇಳಿಬರುವ ಮಾತು, “ಸೋಲಾರ್ ನಂಬುವಂಥದ್ದಲ್ಲ” ಎಂದು. ದೂರು ಸೂರ್ಯನ ಮೇಲೆ ಬೀಳುತ್ತದೆ; ತಪ್ಪು ಇರುವುದು ಹೆಚ್ಚಾಗಿ ಗೋಡೆಯ ಮೇಲಿನ ಸ್ವಿಚ್ ಪೆಟ್ಟಿಗೆಯಲ್ಲಿ.

ಇದು ಕೇವಲ ಯಂತ್ರದ ದುರಸ್ತಿಯ ವಿಷಯವಲ್ಲ. ತಂತಿಯಿರುವ ಮನೆಯಲ್ಲಿ ಏನಾದರೂ ಕೆಟ್ಟರೆ ಲೈನ್‌ಮನ್‌ನನ್ನು ಕರೆಯಬಹುದು. ತಂತಿಯಿಲ್ಲದ ಮನೆಯಲ್ಲಿ ಇನ್ವರ್ಟರ್ ಸತ್ತರೆ ಪರೀಕ್ಷೆಗೆ ಓದುವ ಮಗು ಕತ್ತಲಲ್ಲಿ ಕೂರುತ್ತದೆ, ಮೊಬೈಲ್ ನಿಲ್ಲುತ್ತದೆ, ಪೆಟ್ಟಿಗೆಯನ್ನು ಹೊತ್ತು ಪೇಟೆಗೆ ಇಳಿಯಲು ಒಂದು ದಿನದ ಕೂಲಿ ಹೋಗುತ್ತದೆ. ಇಷ್ಟರ ಜೊತೆಗೆ, ಇನ್ವರ್ಟರನ್ನು ಕೊಲ್ಲುವ ದೋಷಗಳಲ್ಲಿ ಕೆಲವು ಮನುಷ್ಯರನ್ನೂ ಕೊಲ್ಲುತ್ತವೆ. ಸೌರಶಕ್ತಿಯ ಪರವಾಗಿ ಮಾತನಾಡುವ ಪರಿಸರಾಸಕ್ತರು ಈ ಭಾಗವನ್ನು ಅಷ್ಟಾಗಿ ಹೇಳುವುದಿಲ್ಲ, ಹೇಳಬೇಕಾಗಿದೆ.

ಮೂಲ ಸಂಗತಿಯೊಂದನ್ನು ಮೊದಲು ಮನಗಾಣಬೇಕು. ಮನೆಯ ವಿದ್ಯುತ್ ರಕ್ಷಣೆಯ ಬಗ್ಗೆ ಊರಿನ ವೈರಿಂಗ್ ಕೆಲಸಗಾರರಿಗೆ ಇರುವ ತಿಳಿವಳಿಕೆಯೆಲ್ಲ ತಂತಿಯ ಕಾಲದ್ದು. ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್ ಬಲಾಢ್ಯವಾದ ಮೂಲ. ಮನೆಯೊಳಗೆ ಎರಡು ತಂತಿ ಒಂದಕ್ಕೊಂದು ತಗುಲಿ ಶಾರ್ಟ್ ಆದರೆ ಅದು ಕ್ಷಣಾರ್ಧದಲ್ಲಿ ನೂರಾರು ಆಂಪಿಯರ್ ಪ್ರವಾಹವನ್ನು ನೂಕುತ್ತದೆ. ಆ ಪ್ರವಾಹದ ರಭಸಕ್ಕೇ ಫ್ಯೂಸ್ ಕರಗುತ್ತದೆ, ಎಂಸಿಬಿ ಕೆಳಗೆ ಬೀಳುತ್ತದೆ. ಅಂದರೆ ಶತ್ರುವಿನ ಬಲವೇ ಕಾವಲುಗಾರನನ್ನು ಎಬ್ಬಿಸುತ್ತದೆ. ಸೌರ ಮನೆಯಲ್ಲಿ ಮೂಲ ಒಂದಲ್ಲ, ಮೂರು: ಫಲಕ, ಬ್ಯಾಟರಿ, ಇನ್ವರ್ಟರ್. ಮೂರರ ಸ್ವಭಾವವೂ ಬೇರೆ ಬೇರೆ. ತಂತಿಯ ಮನೆಯ ಅಭ್ಯಾಸವನ್ನು ಈ ಮೂರಕ್ಕೂ ಹಾಗೆಯೇ ಅನ್ವಯಿಸುವುದರಿಂದಲೇ ಹೆಚ್ಚಿನ ಅನಾಹುತಗಳು ಸಂಭವಿಸುತ್ತವೆ.

ಬ್ಯಾಟರಿಯಿಂದ ಆರಂಭಿಸುವುದು ಉಚಿತ, ಏಕೆಂದರೆ ಜನ ಅದನ್ನು ಸಾಧುವೆಂದು ತಿಳಿಯುತ್ತಾರೆ. 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ಎಂಬುದು ನಿಜ. ಆದರೆ 150 ಆಂಪಿಯರ್-ಗಂಟೆಯ ಒಂದು ಸೀಸದ ಬ್ಯಾಟರಿಯ ಎರಡು ತುದಿಗಳ ನಡುವೆ ಸ್ಪ್ಯಾನರ್ ಬಿದ್ದರೆ ಸಾವಿರಕ್ಕೂ ಮೀರಿದ ಆಂಪಿಯರ್ ಹರಿಯುತ್ತದೆ; ಕಬ್ಬಿಣ ಕೆಂಪಗೆ ಕಾಯುತ್ತದೆ. ಮನೆಯಲ್ಲಿರುವ ಮೂರು ಮೂಲಗಳಲ್ಲಿ ಅತ್ಯಂತ ರಭಸದ್ದು ಇದೇ. ಒಂದು ಕಿಲೋವ್ಯಾಟಿನ ಇನ್ವರ್ಟರ್ 12 ವೋಲ್ಟಿನ ಬ್ಯಾಟರಿಯಿಂದ ನಡೆಯುವಾಗ ಪೂರ್ಣ ಹೊರೆಯಲ್ಲಿ ನಷ್ಟವನ್ನೂ ಸೇರಿಸಿ ಸುಮಾರು 100 ಆಂಪಿಯರ್ ಎಳೆಯುತ್ತದೆ. ಇಲಿ ಕಡಿದು ಆ ದಪ್ಪ ಕೇಬಲ್ ಶಾರ್ಟ್ ಆದರೆ ಫ್ಯೂಸ್ ಇಲ್ಲದ ಮನೆಯಲ್ಲಿ ಅದನ್ನು ತಡೆಯುವವರೇ ಇಲ್ಲ. ಕೇಬಲ್ಲೇ ಉರಿಯುವ ಬತ್ತಿಯಾಗುತ್ತದೆ. ಭತ್ತ ಬೆಳೆಯುವ ಸೀಮೆಯಲ್ಲಿ ಇಲಿಯ ಬಗ್ಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಆದ್ದರಿಂದ ಬ್ಯಾಟರಿಯ ಧನ ತುದಿಯ ತೀರ ಸಮೀಪದಲ್ಲಿ, ಒಂದು ಗೇಣಿನೊಳಗೆಂಬಂತೆ, ನೇರ ವಿದ್ಯುತ್ತಿಗೆಂದೇ ತಯಾರಾದ ಫ್ಯೂಸ್ ಇರಬೇಕು. ಮೇಲಿನ ಉದಾಹರಣೆಗೆ 125 ಆಂಪಿಯರ್ ಫ್ಯೂಸ್, 35 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ತಕ್ಕದ್ದು. ಫ್ಯೂಸನ್ನು ಇನ್ವರ್ಟರಿನ ಬಳಿ ಹಾಕಿದರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ಕೇಬಲ್ ಅನಾಥ. ಬ್ಯಾಟರಿಯ ಮುಚ್ಚಳದ ರಂಧ್ರಗಳ ನೇರ ಮೇಲೂ ಅದನ್ನು ಇರಿಸಬಾರದು, ಏಕೆಂದರೆ ಚಾರ್ಜಾಗುವಾಗ ಅಲ್ಲಿಂದ ಜಲಜನಕ ಹೊರಬರುತ್ತದೆ. ಫ್ಯೂಸ್ ಸುಟ್ಟಾಗ ಅದರ ಬದಲಿಗೆ ತಾಮ್ರದ ತಂತಿ ಸುತ್ತುವ ಹಳೆಯ ಚಾಳಿಯನ್ನು ಇಲ್ಲಿ ಕೈಬಿಡಲೇಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದದ್ದು ಅದರ ಸರಪಳಿ ಕಡಿದದ್ದರಿಂದ ಎಂಬುದು ಈ ಸೀಮೆಯ ಮಕ್ಕಳಿಗೂ ಗೊತ್ತು. ಸರಪಳಿಯಲ್ಲಿ ದುರ್ಬಲ ಕೊಂಡಿ ಇರಬಾರದು. ಫ್ಯೂಸಿನ ಧರ್ಮ ಅದಕ್ಕೆ ತದ್ವಿರುದ್ಧ: ಬೇಕೆಂದೇ, ಲೆಕ್ಕ ಹಾಕಿ, ಗೊತ್ತಾದ ಜಾಗದಲ್ಲಿ ಇರಿಸಿದ ದುರ್ಬಲ ಕೊಂಡಿ ಅದು. ಅದನ್ನು ಗಟ್ಟಿ ಮಾಡಿದವರು ಕಡಿತವನ್ನು ಬೇರೆಡೆಗೆ ಕಳುಹಿಸುತ್ತಾರೆ, ಅಷ್ಟೆ.

ಫಲಕದ ಸ್ವಭಾವ ಇದಕ್ಕೆ ವಿರುದ್ಧ. 540 ವ್ಯಾಟಿನ ಒಂದು ಫಲಕ ಕೆಲಸ ಮಾಡುವಾಗ ಸುಮಾರು 13 ಆಂಪಿಯರ್ ಕೊಡುತ್ತದೆ. ಅದರ ಎರಡು ತುದಿಗಳನ್ನು ನೇರವಾಗಿ ಜೋಡಿಸಿಬಿಟ್ಟರೂ ಅದು ಕೊಡುವುದು 14 ಆಂಪಿಯರಿನಷ್ಟೇ. ಸೂರ್ಯ ಕೊಟ್ಟದ್ದಕ್ಕಿಂತ ಹೆಚ್ಚನ್ನು ಅದು ಎಲ್ಲಿಂದ ತಂದೀತು? ಹೀಗಾಗಿ 15 ಅಥವಾ 20 ಆಂಪಿಯರಿನ ಫ್ಯೂಸ್ ಹಾಕಿ ಶಾರ್ಟ್‌ನಿಂದ ರಕ್ಷಣೆ ದೊರೆಯಿತೆಂದು ತಿಳಿದರೆ ಅದು ಭ್ರಮೆ. ಆ ಫ್ಯೂಸ್ ಎಂದಿಗೂ ಕರಗದು. ಮೂರು ಅಥವಾ ಹೆಚ್ಚು ಸಾಲುಗಳನ್ನು ಸಮಾನಾಂತರವಾಗಿ ಜೋಡಿಸಿದಾಗ ಮಾತ್ರ, ಕೆಟ್ಟ ಸಾಲಿಗೆ ಉಳಿದ ಸಾಲುಗಳ ಪ್ರವಾಹ ನುಗ್ಗುವುದನ್ನು ತಡೆಯಲು, ಸಾಲಿಗೊಂದು ಫ್ಯೂಸ್ ಬೇಕಾಗುತ್ತದೆ. ಮನೆಯ ಮಟ್ಟದಲ್ಲಿ ಫಲಕದ ಕಡೆ ಮುಖ್ಯವಾಗಿ ಬೇಕಾದದ್ದು ಫಲಕವನ್ನು ಸುರಕ್ಷಿತವಾಗಿ ಬೇರ್ಪಡಿಸುವ ಸ್ವಿಚ್ಚು.

ಆ ಸ್ವಿಚ್ಚಿನ ವಿಷಯದಲ್ಲೇ ಅತ್ಯಂತ ಸಾಮಾನ್ಯವಾದ ತಪ್ಪು ನಡೆಯುತ್ತದೆ. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಮನೆಬಳಕೆಯ ಎಂಸಿಬಿಯನ್ನೇ ಫಲಕದ ತಂತಿಗೂ ಹಾಕಿಬಿಡುತ್ತಾರೆ. ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 100 ಬಾರಿ ಸೊನ್ನೆಗೆ ಬಂದು ಹೋಗುತ್ತದೆ. ಸ್ವಿಚ್ ತೆರೆದಾಗ ಹುಟ್ಟುವ ಕಿಡಿ ಆ ಸೊನ್ನೆಯಲ್ಲಿ ತಾನಾಗಿ ಆರುತ್ತದೆ. ನೇರ ವಿದ್ಯುತ್ತಿಗೆ ಅಂಥ ವಿರಾಮವಿಲ್ಲ. ಕಿಡಿ ಆರದೆ ಬೆಸುಗೆಯ ಉರಿಯಂತೆ ನಿಂತುಬಿಡುತ್ತದೆ, ಪ್ಲಾಸ್ಟಿಕ್ ಪೆಟ್ಟಿಗೆ ಕರಗುತ್ತದೆ, ಮರದ ಹಲಗೆ ಹೊತ್ತಿಕೊಳ್ಳುತ್ತದೆ. ನೇರ ವಿದ್ಯುತ್ತಿಗೆಂದೇ ಮಾಡಿದ ಎಂಸಿಬಿಗಳಲ್ಲಿಯೂ ಕೆಲವಕ್ಕೆ ಧನ-ಋಣ ಗುರುತುಗಳಿರುತ್ತವೆ; ತಿರುವುಮುರುವಾಗಿ ಜೋಡಿಸಿದರೆ ಅವುಗಳೂ ಕಿಡಿಯನ್ನು ಆರಿಸಲಾರವು. ಇದೇ ಕಾರಣದಿಂದ ಬಿಸಿಲಿರುವಾಗ ಫಲಕದ ಕನೆಕ್ಟರನ್ನು ಕೈಯಿಂದ ಎಳೆದು ಕೀಳಬಾರದು. ಮೊದಲು ಸ್ವಿಚ್ಚು ತೆರೆಯಬೇಕು.

ಇನ್ನೊಂದು ತಪ್ಪು ಅಂಗಡಿಯ ಲೆಕ್ಕದ್ದು. ಇನ್ವರ್ಟರಿನ ಮೇಲೆ ಫಲಕದ ಕಡೆಯ ಗರಿಷ್ಠ ಮಿತಿ 150 ವೋಲ್ಟ್ ಎಂದು ಬರೆದಿದೆ ಎಂದಿಟ್ಟುಕೊಳ್ಳಬಹುದು. ಫಲಕವೊಂದರ ಹೊರೆಯಿಲ್ಲದ ವೋಲ್ಟೇಜು 49.5. ಮೂರನ್ನು ಸರಣಿಯಲ್ಲಿ ಜೋಡಿಸಿದರೆ 148.5, ಮಿತಿಯೊಳಗೇ ಇದೆ ಎಂದು ಜೋಡಿಸಿಬಿಡುತ್ತಾರೆ. ಆದರೆ ಫಲಕದ ಮೇಲೆ ಮುದ್ರಿಸಿರುವ ಅಂಕಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಸಂಬಂಧಿಸಿದ್ದು. ಫಲಕ ತಣ್ಣಗಾದಷ್ಟೂ ವೋಲ್ಟೇಜು ಏರುತ್ತದೆ. ಒಂದು ಡಿಗ್ರಿಗೆ ಹೆಚ್ಚುಕಡಿಮೆ ಶೇ. 0.3ರಷ್ಟು. ಜನವರಿಯ ಮುಂಜಾನೆ ಬೆಟ್ಟದ ಮೇಲಿನ ಫಲಕ 11 ಡಿಗ್ರಿಗೆ ತಣಿದಿರುವಾಗ ಮೊದಲ ಬಿಸಿಲು ಬಿದ್ದರೆ ಅದೇ 148.5 ಎಂಬುದು 154 ದಾಟುತ್ತದೆ. ಬಳ್ಳಾರಿ ಸೀಮೆಯಲ್ಲಿ ಎಲ್ಲರೂ ಭಯಪಡುವುದು ಏಪ್ರಿಲ್‌ನ ಉರಿಬಿಸಿಲಿಗೆ. ಈ ಸಾವು ಬರುವುದು ಚಳಿಯ ಬೆಳಗಿನಲ್ಲಿ. ಮಿತಿಗಿಂತ ಶೇ. 15ರಷ್ಟಾದರೂ ಕೆಳಗೆ ನಿಲ್ಲುವಂತೆ ಫಲಕಗಳನ್ನು ಜೋಡಿಸುವುದು ವಿವೇಕ. ಈ ಉದಾಹರಣೆಯಲ್ಲಿ ಸರಣಿಯಲ್ಲಿ ಎರಡೇ ಫಲಕ.

ಫಲಕವನ್ನೂ ಬ್ಯಾಟರಿಯನ್ನೂ ಜೋಡಿಸುವ ಕ್ರಮಕ್ಕೂ ಅರ್ಥವಿದೆ. ಜೋಡಿಸುವಾಗ ಬ್ಯಾಟರಿ ಮೊದಲು, ಫಲಕ ಕೊನೆಗೆ. ಬಿಚ್ಚುವಾಗ ಫಲಕ ಮೊದಲು. ನಡುಹಗಲಲ್ಲಿ ಬ್ಯಾಟರಿಯ ತುದಿ ಸಡಿಲಗೊಂಡರೆ ಅಥವಾ ನೀರು ತುಂಬಲೆಂದು ಯಾರಾದರೂ ಅದನ್ನು ಬಿಚ್ಚಿದರೆ, ಫಲಕದಿಂದ ಬರುತ್ತಿರುವ ಪ್ರವಾಹಕ್ಕೆ ನೆಲೆಯಿಲ್ಲದಂತಾಗಿ ವೋಲ್ಟೇಜು ಮೇಲೆ ಹಾರುತ್ತದೆ. ಆ ಹೊಡೆತ ನೇರವಾಗಿ ಇನ್ವರ್ಟರಿನ ಒಳಗಿನ ಕೆಪಾಸಿಟರ್ ಮತ್ತು ಮಾಸ್ಫೆಟ್‌ಗಳ ಮೇಲೆ. ಈಚೆಗೆ ಬಳಕೆಗೆ ಬಂದಿರುವ ಲಿಥಿಯಂ ಬ್ಯಾಟರಿಗಳಲ್ಲಿ ಒಳಗೊಂದು ಕಾವಲು ಮಂಡಲವಿದ್ದು, ಬ್ಯಾಟರಿ ತುಂಬಿ ಮಿತಿ ಮೀರಿದಾಗ ಅದು ತಾನೇ ಸಂಪರ್ಕ ಕಡಿಯುತ್ತದೆ. ಬ್ಯಾಟರಿ ಉಳಿಯಿತು ನಿಜ. ಅದೇ ಕ್ಷಣದಲ್ಲಿ ಇನ್ವರ್ಟರಿಗೆ ಅದೇ ಹೊಡೆತ. ಸೀಸದ ಬ್ಯಾಟರಿಗೆ ಇಟ್ಟಿದ್ದ ಚಾರ್ಜಿಂಗ್ ವೋಲ್ಟೇಜನ್ನು ಬದಲಿಸದೆ ಲಿಥಿಯಂ ಜೋಡಿಸುವವರ ಮನೆಯಲ್ಲಿ ಇದು ದಿನಾ ನಡೆಯಬಹುದು.

ಇನ್ನು ಇನ್ವರ್ಟರಿನ ಹೊರಗಡೆ, ಅಂದರೆ ಮನೆಯ ದೀಪ-ಪ್ಲಗ್ಗುಗಳ ಕಡೆ. ತಂತಿಯ ಅಭ್ಯಾಸ ಅತ್ಯಂತ ಅಪಾಯಕಾರಿಯಾಗುವುದು ಇಲ್ಲಿಯೇ. ಒಂದು ಕಿಲೋವ್ಯಾಟಿನ ಇನ್ವರ್ಟರ್ 230 ವೋಲ್ಟಿನಲ್ಲಿ ಕೊಡಬಲ್ಲದ್ದು ನಾಲ್ಕೂಕಾಲು ಆಂಪಿಯರ್. ಕ್ಷಣಕಾಲ ಅದರ ಇಮ್ಮಡಿ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ‘ಸಿ’ ಬಗೆಯ 16 ಆಂಪಿಯರ್ ಎಂಸಿಬಿ ತಕ್ಷಣ ಬೀಳಬೇಕಾದರೆ ಅದರ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಹರಿಯಬೇಕು. ಇಲ್ಲಿ ಹತ್ತು ಆಂಪಿಯರೂ ಹರಿಯದು. ಮಿಕ್ಸಿಯ ತಂತಿ ಶಾರ್ಟ್ ಆದಾಗ ಆ ಎಂಸಿಬಿ ಅಲುಗದೆ ನೋಡುತ್ತ ನಿಂತಿರುತ್ತದೆ. ರಕ್ಷಿಸಬೇಕಾದದ್ದು ಇನ್ವರ್ಟರಿನೊಳಗಿನ ಎಲೆಕ್ಟ್ರಾನಿಕ್ ತಡೆಯೇ. ಒಳ್ಳೆಯ ಇನ್ವರ್ಟರಿನಲ್ಲಿ ಅದು ಕಣ್ಣುಮಿಟುಕಿಸುವುದರೊಳಗೆ ಕೆಲಸ ಮಾಡುತ್ತದೆ. ಅಗ್ಗದ್ದರಲ್ಲಿ ತಡವಾಗುತ್ತದೆ, ಮಾಸ್ಫೆಟ್ ಸುಡುತ್ತದೆ. ಇನ್ವರ್ಟರ್ ಕೂಗಿ ನಿಂತಾಗ ಕಾರಣ ಹುಡುಕದೆ ಮತ್ತೆ ಮತ್ತೆ ಬಟನ್ ಒತ್ತುವುದು ಅದನ್ನು ಕೊಲ್ಲುವ ಖಚಿತ ಮಾರ್ಗ. ಪ್ಲಗ್ಗುಗಳನ್ನೆಲ್ಲ ಕಿತ್ತು, ಒಂದೊಂದಾಗಿ ಹಾಕಿ, ಯಾವುದರಿಂದ ನಿಲ್ಲುತ್ತದೆಂದು ಕಾಣಬೇಕು. ಇನ್ವರ್ಟರಿನ ಅಳತೆಗೆ ತಕ್ಕ ಸಣ್ಣ ‘ಬಿ’ ಬಗೆಯ ಎಂಸಿಬಿ ಇರುವುದು ಲೇಸು. 5 ಕಿಲೋವ್ಯಾಟಿನ ಯಂತ್ರವಾದರೆ 6 ಆಂಪಿಯರಿನ ‘ಬಿ’ ಎಂಸಿಬಿ ನಿಜವಾಗಿಯೂ ಬೀಳುತ್ತದೆ. ಚಿಕ್ಕ ಯಂತ್ರದಲ್ಲಿ ಅದು ತಂತಿಯನ್ನು ಕಾಯುತ್ತದೆಯೇ ಹೊರತು ಶಾರ್ಟನ್ನು ತಡೆಯುವುದಿಲ್ಲ.

ಮನುಷ್ಯನ ಜೀವದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಶಾಕ್‌ನಿಂದ ಕಾಯಲು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕುತ್ತಾರೆ. ಜನ ಅದನ್ನು ಇಎಲ್‌ಸಿಬಿ ಎಂದೂ ಕರೆಯುವುದುಂಟು. ಹೋದ ಪ್ರವಾಹವೂ ಮರಳಿದ ಪ್ರವಾಹವೂ ಸಮವಾಗಿವೆಯೇ ಎಂದು ಅದು ಲೆಕ್ಕ ನೋಡುತ್ತಿರುತ್ತದೆ. ಮನುಷ್ಯನ ಮೈಮೂಲಕ ಸ್ವಲ್ಪ ಪ್ರವಾಹ ನೆಲಕ್ಕೆ ಸೋರಿದರೆ ಲೆಕ್ಕ ತಪ್ಪಿ, ಸ್ವಿಚ್ಚು ಬೀಳುತ್ತದೆ. ತಂತಿಯ ಮನೆಯಲ್ಲಿ ಇದು ನಡೆಯುವುದು ಏಕೆಂದರೆ ಟ್ರಾನ್ಸ್‌ಫಾರ್ಮರಿನ ಬಳಿ ನ್ಯೂಟ್ರಲ್ ತಂತಿಯನ್ನು ಭೂಮಿಗೆ ಸೇರಿಸಿರುತ್ತಾರೆ. ಸೋರಿದ ಪ್ರವಾಹಕ್ಕೆ ನೆಲದ ಮೂಲಕ ಮರಳುವ ದಾರಿಯಿರುತ್ತದೆ. ಒಂಟಿ ಸೌರ ಮನೆಯ ಇನ್ವರ್ಟರಿನಲ್ಲಿ ಎರಡು ತಂತಿಗಳೂ ಅನೇಕ ವೇಳೆ ಭೂಮಿಯ ಸಂಬಂಧವಿಲ್ಲದೆ ತೇಲುತ್ತಿರುತ್ತವೆ. ಮೊದಲ ದೋಷ ಸಂಭವಿಸಿದಾಗ ಏನೂ ಆಗುವುದಿಲ್ಲ. ಯಾರಿಗೂ ತಿಳಿಯುವುದೂ ಇಲ್ಲ. ಒಂದು ತಂತಿ ತೇವದ ಗೋಡೆಗೆ ತಗುಲಿಕೊಂಡು ತಿಂಗಳುಗಟ್ಟಲೆ ಹಾಗೆಯೇ ಇರಬಹುದು. ಒಂದು ದಿನ ಇನ್ನೊಂದು ತಂತಿಯನ್ನು ಬರಿಗಾಲಲ್ಲಿ ನಿಂತ ಹೆಣ್ಣುಮಗಳೊಬ್ಬಳು ಮುಟ್ಟುತ್ತಾಳೆ. ಆಗ ಪ್ರವಾಹ ಒಂದು ತಂತಿಯಿಂದ ಹೊರಟು ಆಕೆಯ ಮೈಯ ಮೂಲಕ ಇನ್ನೊಂದು ತಂತಿಗೆ ಮರಳುತ್ತದೆ. ಎರಡು ತಂತಿಗಳೂ ಆರ್‌ಸಿಸಿಬಿಯ ಮೂಲಕವೇ ಹಾದಿರುವುದರಿಂದ ಅದರ ಲೆಕ್ಕ ಸರಿಯಾಗಿಯೇ ಇರುತ್ತದೆ. ಅದು ಬೀಳುವುದಿಲ್ಲ.

ಆರ್‌ಸಿಸಿಬಿ ಕೆಲಸ ಮಾಡಬೇಕಾದರೆ ಇನ್ವರ್ಟರಿನ ನ್ಯೂಟ್ರಲನ್ನು ಒಂದೇ ಒಂದು ಜಾಗದಲ್ಲಿ, ಆರ್‌ಸಿಸಿಬಿಗಿಂತ ಮೊದಲು, ಭೂಸಂಪರ್ಕಕ್ಕೆ ಸೇರಿಸಬೇಕು. ಆದರೆ ಇಲ್ಲೊಂದು ಎಚ್ಚರಿಕೆ. ಕೆಲವು ಅಗ್ಗದ ಇನ್ವರ್ಟರುಗಳ ಒಳಮಂಡಲವು ಎರಡೂ ತುದಿಗಳನ್ನು ಭೂಮಿಗೆ ಸೇರಿಸಲು ಬಾರದಂತೆ ರಚಿತವಾಗಿರುತ್ತದೆ. ಸೇರಿಸಿದ ಕ್ಷಣವೇ ಸುಡುತ್ತದೆ. ಜೊತೆಯಲ್ಲಿ ಬಂದ ಪುಸ್ತಕದಲ್ಲಿ ನ್ಯೂಟ್ರಲನ್ನು ಭೂಮಿಗೆ ಸೇರಿಸಲು ಅನುಮತಿ ಇದೆಯೇ ಎಂದು ನೋಡಿಯೇ ಕೈಹಾಕಬೇಕು. ಅನುಮತಿ ಇಲ್ಲದ ಯಂತ್ರವನ್ನು ಇಡೀ ಮನೆಯ ವೈರಿಂಗಿಗೆ ಜೋಡಿಸಲೇಬಾರದು. ಒಂದೆರಡು ಉಪಕರಣಗಳಿಗೆ ನೇರವಾಗಿ ಬಳಸಬಹುದಷ್ಟೆ. ಕೊಳ್ಳುವ ಮುನ್ನವೇ ಈ ಪ್ರಶ್ನೆಯನ್ನು ಅಂಗಡಿಯವರಿಗೆ ಕೇಳಬೇಕು. ಉತ್ತರ ತಿಳಿಯದ ಅಂಗಡಿಯಿಂದ ಕೊಳ್ಳದಿರುವುದೇ ಕ್ಷೇಮ.

ಮುಂದೊಂದು ದಿನ ಆ ಮನೆಗೆ ತಂತಿಯೂ ಬರಬಹುದು. ಬರಲೂ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು ಅರಣ್ಯಭೂಮಿಯಲ್ಲಿ ಕಲ್ಪಿಸಬಹುದಾದ ಸೌಕರ್ಯಗಳ ಪಟ್ಟಿಯಲ್ಲಿ ವಿದ್ಯುತ್ ತಂತಿಯನ್ನೂ ಸೇರಿಸಿದೆ. ಸೋಲಾರ್ ಕೊಟ್ಟೆವಲ್ಲ ಎಂಬ ನೆಪದಲ್ಲಿ ಅದನ್ನು ನಿರಾಕರಿಸುವುದು ನ್ಯಾಯವಲ್ಲ. ಆದರೆ ಎರಡೂ ಒಂದೇ ಮನೆಯಲ್ಲಿರುವಾಗ ನಡುವೆ ಎರಡು ಧ್ರುವಗಳ ಚೇಂಜ್‌ಓವರ್ ಸ್ವಿಚ್ಚು ಇರಲೇಬೇಕು. ಫೇಸನ್ನೂ ನ್ಯೂಟ್ರಲನ್ನೂ ಒಟ್ಟಿಗೆ ಬದಲಿಸುವಂಥದ್ದು. ಅದಿಲ್ಲದೆ ಎರಡನ್ನೂ ಒಂದೇ ಬೋರ್ಡಿಗೆ ತಂದರೆ, ಜೆಸ್ಕಾಂ ವಿದ್ಯುತ್ತು ಬಂದ ಕ್ಷಣ ಇನ್ವರ್ಟರ್ ಸಿಡಿಯುತ್ತದೆ. ಅದಕ್ಕಿಂತ ಘೋರವಾದದ್ದು ವಿದ್ಯುತ್ತು ಹೋಗಿರುವಾಗ ನಡೆಯುತ್ತದೆ: ಇನ್ವರ್ಟರಿನ 230 ವೋಲ್ಟ್ ಹಿಮ್ಮುಖವಾಗಿ ಸರ್ವಿಸ್ ತಂತಿಯಲ್ಲಿ ಹರಿದು, ಲೈನು ಸತ್ತಿದೆಯೆಂದು ನಂಬಿ ಕಂಬವೇರಿದ ಲೈನ್‌ಮನ್‌ನನ್ನು ತಲುಪುತ್ತದೆ. ಆತನೂ ಹಳ್ಳಿಯ ಮಗನೇ. ತಂತಿಯ ವಿದ್ಯುತ್ತಿನಿಂದ ಬ್ಯಾಟರಿ ಚಾರ್ಜ್ ಮಾಡಿಕೊಳ್ಳುವ ಇನ್ವರ್ಟರಾದರೆ ಆ ಕಡೆಗೊಂದು ವೋಲ್ಟೇಜ್ ಕಾವಲು ಸ್ವಿಚ್ಚು ಇರುವುದು ಒಳಿತು. ಮೂರು ಫೇಸಿನ ಕಂಬದಲ್ಲಿ ನ್ಯೂಟ್ರಲ್ ತುಂಡಾದರೆ ಮನೆಗೆ 230ರ ಬದಲು 400ರ ಸಮೀಪದ ವೋಲ್ಟೇಜು ನುಗ್ಗಬಹುದು.

ಸಿಡಿಲಿನ ವಿಷಯಕ್ಕೆ ಬಂದರೆ, ಈ ಸೀಮೆಯವರಿಗೆ ಕೆರೆಯ ಉದಾಹರಣೆಯೇ ಸಾಕು. ಕಮಲಾಪುರದ ಕೆರೆ ವಿಜಯನಗರದ ಕಾಲದಿಂದ ಉಳಿದು ಬಂದಿದೆ. ಕೆರೆಯ ಏರಿ ಉಳಿಯುವುದು ಏರಿಯ ಗಟ್ಟಿತನವೊಂದರಿಂದಲ್ಲ, ಕೋಡಿಯಿಂದ. ಹೆಚ್ಚಾದ ನೀರು ಏರಿಯನ್ನು ಒಡೆಯುವ ಮೊದಲೇ ಕೋಡಿಯಲ್ಲಿ ಹರಿದುಹೋಗುತ್ತದೆ. ಎಸ್‌ಪಿಡಿ ಎಂಬ ಸಿಡಿಲು-ರಕ್ಷಕ ಉಪಕರಣವು ಇನ್ವರ್ಟರಿನ ಕೋಡಿ. ವೋಲ್ಟೇಜು ಮಿತಿಯೊಳಗಿರುವಾಗ ಅದು ಮುಚ್ಚಿರುತ್ತದೆ. ಮಿತಿ ಮೀರಿದೊಡನೆ ಬಾಯಿ ತೆರೆದು ಹೆಚ್ಚಳವನ್ನು ಭೂಮಿಗೆ ಇಳಿಸುತ್ತದೆ. ಸಿಡಿಲು ಮನೆಯ ಮೇಲೆಯೇ ಬೀಳಬೇಕೆಂದಿಲ್ಲ. ನೂರು ಮೀಟರ್ ದೂರದ ಮರಕ್ಕೆ ಬಡಿದರೂ ಫಲಕದ ಉದ್ದನೆಯ ತಂತಿಗಳಲ್ಲಿ ಸಾವಿರಾರು ವೋಲ್ಟ್ ಪ್ರೇರಿತವಾಗಬಲ್ಲದು. ಧನ ಮತ್ತು ಋಣ ತಂತಿಗಳನ್ನು ದೂರದೂರವಾಗಿ ಎಳೆದರೆ ನಡುವಿನ ಜಾಗವೇ ಬಲೆಯಾಗಿ ಹೆಚ್ಚು ವೋಲ್ಟೇಜನ್ನು ಹಿಡಿಯುತ್ತದೆ. ಎರಡನ್ನೂ ಜೊತೆಯಾಗಿ ಕಟ್ಟಿ ಒಯ್ಯಬೇಕು. ಫಲಕದ ಕಡೆ ಒಂದು, ಅದೂ ನೇರ ವಿದ್ಯುತ್ತಿನದು ಮತ್ತು ಚಳಿಗಾಲದ ಗರಿಷ್ಠ ವೋಲ್ಟೇಜಿಗಿಂತ ಮೇಲಿನದು. ಮನೆಯ ಕಡೆ ಇನ್ನೊಂದು.

ಕೋಡಿಯ ಕಾಲುವೆ ಹೂಳು ತುಂಬಿ ಅಂಕುಡೊಂಕಾಗಿದ್ದರೆ ಕೋಡಿಯಿದ್ದೂ ಏರಿ ಒಡೆಯುತ್ತದೆ. ಎಸ್‌ಪಿಡಿಗೂ ಇದೇ ಗತಿ. ಸಿಡಿಲಿನ ಪ್ರವಾಹ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಏರುವುದರಿಂದ ನೇರವಾದ ತಂತಿಯೂ ಅದನ್ನು ತಡೆಯುತ್ತದೆ. ಎಂಟು ಮೈಕ್ರೋಸೆಕೆಂಡಿನಲ್ಲಿ 10,000 ಆಂಪಿಯರಿಗೆ ಏರುವ ಪ್ರವಾಹವು ಒಂದು ಮೀಟರ್ ತಂತಿಯ ಉದ್ದಕ್ಕೆ ಸಾವಿರ ವೋಲ್ಟಿಗೂ ಹೆಚ್ಚಿನ ಅಂತರವನ್ನು ಹುಟ್ಟಿಸುತ್ತದೆ. ಅಷ್ಟೂ ಇನ್ವರ್ಟರಿನ ತಲೆಯ ಮೇಲೆ. ಎಸ್‌ಪಿಡಿಯ ತಂತಿಗಳು ಒಟ್ಟಾರೆ ಅರ್ಧ ಮೀಟರ್ ಮೀರದಂತೆ, ಸುರುಳಿ ಸುತ್ತದೆ ನೇರವಾಗಿ ಇರಬೇಕು. ಅಂದವಾಗಿ ಕಾಣಲೆಂದು ಸುರುಳಿ ಸುತ್ತುವ ಕೆಲಸಗಾರರು ತಿಳಿಯದೆ ಕೇಡು ಮಾಡುತ್ತಾರೆ. ಎಸ್‌ಪಿಡಿಯ ಮುಖದಲ್ಲಿ ಸಣ್ಣ ಕಿಟಕಿಯಿರುತ್ತದೆ. ಸಾಮಾನ್ಯವಾಗಿ ಅದು ಹಸಿರಿದ್ದರೆ ಜೀವಂತ, ಕೆಂಪಾದರೆ ಅದು ತನ್ನ ಬಲಿಯನ್ನು ಕೊಟ್ಟಾಗಿದೆ; ಬದಲಿಸಬೇಕು.

ಭೂಸಂಪರ್ಕದ ಬಗ್ಗೆ ಸ್ವಲ್ಪ ವಿವರ ಅಗತ್ಯ, ಏಕೆಂದರೆ ಈ ಪ್ರದೇಶದ ನೆಲ ಎರಡು ಬಗೆಯಲ್ಲಿ ಮೋಸ ಮಾಡುತ್ತದೆ. ಎರೆಭೂಮಿ ಒದ್ದೆಯಿರುವಾಗ ವಿದ್ಯುತ್ತಿಗೆ ಉತ್ತಮ ದಾರಿ. ಬೇಸಿಗೆಯಲ್ಲಿ ಅದೇ ನೆಲ ಬಿರಿದು, ನೆಟ್ಟ ಪೈಪಿನ ಸುತ್ತ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಪೈಪು ಇದ್ದೂ ಇಲ್ಲದಂತೆ. ಮೊದಲ ಸಿಡಿಲು ಬರುವುದು ಸರಿಯಾಗಿ ಆ ಒಣಗಿದ ಏಪ್ರಿಲ್–ಮೇ ತಿಂಗಳಲ್ಲಿ! ಪಾತ್ರೆ ತೊಳೆದ ನೀರನ್ನಾದರೂ ಆ ಗುಂಡಿಗೆ ಹರಿಸುವ ವ್ಯವಸ್ಥೆ ಬೇಕು. ಹಂಪಿಯ ಕಡೆಯ ಬೆಣಚುಗಲ್ಲಿನ ಗುಡ್ಡಗಳಲ್ಲಿಯಾದರೋ ಎರಡೂವರೆ ಮೀಟರಿನ ಪೈಪು ಇಳಿಸಲು ಜಾಗವೇ ಇಲ್ಲ. ಅಲ್ಲಿ ಮೊಂಡುತನ ಮಾಡಿ ಅರ್ಧ ಅಡಿ ಇಳಿಸಿ ಬಿಡುವ ಬದಲು, ಬಂಡೆಯ ಬುಡದ ಮಣ್ಣಿನಲ್ಲಿ ಅಡ್ಡಲಾಗಿ ಕಾಲುವೆ ತೋಡಿ ಗ್ಯಾಲ್ವನೈಸ್ ಮಾಡಿದ ಕಬ್ಬಿಣದ ಪಟ್ಟಿಯನ್ನು ಉದ್ದಕ್ಕೆ ಹೂಳುವುದು ಹೆಚ್ಚು ಫಲಕಾರಿ.

ಫಲಕಕ್ಕೊಂದು, ಇನ್ವರ್ಟರಿಗೊಂದು, ಸಿಡಿಲಿಗೊಂದು ಎಂದು ಬೇರೆ ಬೇರೆ ಭೂಸಂಪರ್ಕ ಮಾಡಿ ಅವುಗಳನ್ನು ಸೇರಿಸದೆ ಬಿಡುವುದು ಇನ್ನೊಂದು ತಪ್ಪು. ಹತ್ತು ಓಮ್ ರೋಧವಿರುವ ಭೂಸಂಪರ್ಕಕ್ಕೆ 30,000 ಆಂಪಿಯರಿನ ಸಿಡಿಲು ಇಳಿದರೆ ಆ ಪೈಪಿನ ವೋಲ್ಟೇಜು ಮೂರು ಲಕ್ಷಕ್ಕೆ ಏರುತ್ತದೆ. ಪಕ್ಕದ ಪೈಪು ಸೊನ್ನೆಯಲ್ಲಿಯೇ ಇರುತ್ತದೆ. ಎರಡರ ನಡುವೆ ಸಿಕ್ಕಿಕೊಂಡದ್ದು ಇನ್ವರ್ಟರ್. ಎಷ್ಟು ಪೈಪುಗಳಿದ್ದರೂ ಎಲ್ಲವನ್ನೂ ದಪ್ಪ ತಂತಿಯಿಂದ ಒಂದಾಗಿ ಬೆಸೆಯಬೇಕು. ಫಲಕದ ಚೌಕಟ್ಟು, ಎಸ್‌ಪಿಡಿ, ಇನ್ವರ್ಟರಿನ ಮೈ ಎಲ್ಲವೂ ಏರುವುದಾದರೆ ಒಟ್ಟಿಗೆ ಏರಲಿ. ನೇರವಾಗಿ ಮನೆಯ ಮೇಲೆಯೇ ಬೀಳುವ ಸಿಡಿಲಿಗೆ ಇಷ್ಟೂ ಸಾಲದಿರಬಹುದು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ‘ದಾಮಿನಿ’ ಮೊಬೈಲ್ ತಂತ್ರಾಂಶ ಸಮೀಪದ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಸೂಚನೆ ಬಂದಾಗ, ಗುಡುಗು ಇನ್ನೂ ದೂರವಿರುವಾಗಲೇ, ಫಲಕದ ಸ್ವಿಚ್ಚು ತೆರೆದು ಒಳಗೆ ಕೂರಬೇಕು. ತಲೆಯ ಮೇಲೆ ಮಿಂಚುವಾಗ ಮಾಡು ಹತ್ತುವ ಸಾಹಸ ಬೇಡ.

ಸಣ್ಣ ಶತ್ರುಗಳನ್ನು ಬೇಗ ಹೇಳಿ ಮುಗಿಸಬಹುದು. ಹಲ್ಲಿ, ಇರುವೆ, ಕಣಜದ ಹುಳು ಬೆಚ್ಚಗಿನ ಪೆಟ್ಟಿಗೆಯನ್ನು ಹುಡುಕಿಕೊಂಡು ಬರುತ್ತವೆ; ಗಾಳಿಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಬೇಕು. ಸಂಡೂರಿನ ಗಣಿರಸ್ತೆಗಳ ಬದಿಯ ಮನೆಗಳಲ್ಲಿ ಕೆಂಪು ಧೂಳು ಫ್ಯಾನಿನ ಮೂಲಕ ಒಳನುಗ್ಗಿ ಸರ್ಕ್ಯೂಟ್ ಹಲಗೆಯ ಮೇಲೆ ಕೂರುತ್ತದೆ. ಮಳೆಗಾಲದ ತೇವ ಸೇರಿದರೆ ಅದೇ ಸೋರಿಕೆಯ ದಾರಿ. ತಗಡಿನ ಶೆಡ್ಡಿನಲ್ಲಿ ಇನ್ವರ್ಟರ್ ಇಡಬಾರದು. ಒಂದು ಅಶ್ವಶಕ್ತಿಯ ಬಾವಿಯ ಮೋಟಾರು ಆರಂಭದಲ್ಲಿ ಐದಾರು ಪಟ್ಟು ಪ್ರವಾಹ ಕೇಳುತ್ತದೆ; ಮನೆಯ ಇನ್ವರ್ಟರಿಗೆ ಅದನ್ನು ಕಟ್ಟುವುದು ಎಮ್ಮೆಯ ನೊಗಕ್ಕೆ ಆಡನ್ನು ಕಟ್ಟಿದಂತೆ.

ಇಷ್ಟೆಲ್ಲ ಕಾವಲಿದ್ದೂ ಇನ್ವರ್ಟರ್ ಒಂದು ದಿನ ಕೆಡುತ್ತದೆ. ಆದುದರಿಂದ ಮನೆಯ ಎಲ್ಲ ದೀಪಗಳನ್ನೂ ಅದರ ಕೈಗೆ ಒಪ್ಪಿಸಬಾರದು. ಅಡುಗೆಮನೆಯ ಒಂದು, ಓದುವ ಜಾಗದ ಒಂದು ದೀಪವನ್ನು ತೊಂಬತ್ತರ ದಶಕದ ಕ್ರಮದಲ್ಲಿ ನಿಯಂತ್ರಕದ ಮೂಲಕ ಬ್ಯಾಟರಿಯಿಂದಲೇ, ಸಣ್ಣ ಫ್ಯೂಸಿನೊಡನೆ, ನಡೆಸಬಹುದು. ಮೊಬೈಲ್ ಚಾರ್ಜಿಂಗಿಗೂ 12 ವೋಲ್ಟ್ ಸಾಕು. ಹೊಸದೆಂಬ ಕಾರಣಕ್ಕೆ ಹಳೆಯ ಸರಳತೆಯನ್ನು ಪೂರ್ತಿ ಕಿತ್ತೆಸೆದದ್ದು ಈ ಕ್ಷೇತ್ರದಲ್ಲಿ ಆದ ಅವಿವೇಕಗಳಲ್ಲೊಂದು. ಸುಟ್ಟ ಇನ್ವರ್ಟರನ್ನು ಕುತೂಹಲದಿಂದ ಬಿಚ್ಚುವ ವಿದ್ಯಾರ್ಥಿಗಳು ತಿಳಿದಿರಬೇಕು: ಎಲ್ಲ ತಂತಿ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಕೆಲವು ನಿಮಿಷ ಅಪಾಯಕಾರಿ ವೋಲ್ಟೇಜು ಉಳಿದಿರುತ್ತದೆ. ತಪ್ಪು ಚಾರ್ಜಿಂಗಿನಿಂದ ಸತ್ತ ಸೀಸದ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಅದನ್ನು ಗುಜರಿಯವರು ಹಳ್ಳದ ಬದಿಯಲ್ಲಿ ಒಡೆದರೆ ಆಮ್ಲವೂ ಸೀಸವೂ ನೀರಿಗೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯದನ್ನು ಮರಳಿ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಕೊಂಡ ಅಂಗಡಿಗೇ ಅದನ್ನು ಮರಳಿಸಬೇಕು.

ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಇದರಲ್ಲಿ ಮಾಡಬಹುದಾದ ಕೆಲಸವಿದೆ. ಒಂದು ಮಲ್ಟಿಮೀಟರು, ಒಂದು ನೋಟ್‌ಬುಕ್ಕು ಸಾಕು. ಪ್ರತಿ ಸೌರ ಮನೆಗೆ ಒಂದು ಪುಟ. ತಿಂಗಳಿಗೊಮ್ಮೆ ಮುಂಜಾನೆ ಬ್ಯಾಟರಿಯ ವೋಲ್ಟೇಜು, ಎಸ್‌ಪಿಡಿ ಕಿಟಕಿಯ ಬಣ್ಣ, ಬ್ಯಾಟರಿಯ ತುದಿಗಳಲ್ಲಿ ಬಿಳಿಯ ಪುಡಿ ಕಟ್ಟಿದೆಯೇ ಎಂಬುದು, ಆರ್‌ಸಿಸಿಬಿಯ ‘ಟಿ’ ಗುಂಡಿ ಒತ್ತಿದಾಗ ಅದು ಬಿದ್ದಿತೇ ಎಂಬುದು ಅದರಲ್ಲಿ ದಾಖಲಾಗಲಿ. ಆ ಗುಂಡಿ ಪರೀಕ್ಷಿಸುವುದು ಉಪಕರಣವನ್ನು ಮಾತ್ರ. ನ್ಯೂಟ್ರಲ್ ಭೂಮಿಗೆ ಸೇರಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಮೊದಲ ಭೇಟಿಯಲ್ಲಿಯೇ, ತಿಳಿದ ವಿದ್ಯುತ್ ಕೆಲಸಗಾರರೊಬ್ಬರ ಜೊತೆ ಹೋಗಿ, ಬೇರೆಯಾಗಿ ನೋಡಿ ಬರೆಯಬೇಕು. ಜನವರಿಯ ಮೊದಲ ಚಳಿಯ ಬೆಳಗಿನಲ್ಲಿ ಫಲಕದ ವೋಲ್ಟೇಜನ್ನೂ, ಮಾರ್ಚ್ ಮುಗಿಯುವುದರೊಳಗೆ ಭೂಸಂಪರ್ಕದ ಗುಂಡಿಗೆ ನೀರು ಬಿದ್ದಿದೆಯೇ ಎಂಬುದನ್ನೂ ಅದೇ ಪುಟದಲ್ಲಿ ಸೇರಿಸಬಹುದು.